ಸೊನ್ನೆಯ ಕೆಳಗೆ

ನಾಲ್ಕಕ್ಕೇ ದೋಣಿ ಬಿಟ್ಟೆವು. ಸ್ವರ್ಣೆ ಇನ್ನೂ ಕಪ್ಪು.
ದೂಮಪ್ಪ ಕುಂದರ್ ಜಲ್ಲೆ ಊರುತ್ತಾರೆ, ಮಾತಿಲ್ಲ.
ನನ್ನ ಮೊಣಕಾಲುಗಳ ನಡುವೆ ನೈಟ್ರೋಜನ್ ಸಿಲಿಂಡರು
ಹಾಲು ಕುಡಿದು ನಿದ್ದೆಹೋದ ಮಗುವಿನ ಭಾರ.

ಬೆಳಕು ಹರಿಯುವ ಮೊದಲು ಎಲೆ ಕೊಯ್ಯಬೇಕು.
ಸೂರ್ಯ ಬಂದರೆ ಎಲೆಗೆ ಅದರದ್ದೇ ವ್ಯವಹಾರ,
ಬಾಯಿ ತೆರೆಯುತ್ತದೆ, ಆವಿ ಬಿಡುತ್ತದೆ, ಲೆಕ್ಕ ಕದಡುತ್ತದೆ.
ಈ ಹೊತ್ತಿನಲ್ಲಿ ಮಾತ್ರ
ಬೇರು ಆಡಿದ್ದನ್ನೇ ಎಲೆಯೂ ಆಡುತ್ತದೆ.

ಕುದ್ರುವಿನ ಅಂಚು. ಕಾಂಡ್ಲದ ಒಂದು ಎಲೆ.
ಬ್ಲೇಡು ತೊಟ್ಟಿಗೆ ತಾಗಿದ್ದೇ ತಡ
ಒಳಗಿನ ನೀರು ಸರಕ್ಕನೆ ಹಿಂದೆ ಸರಿಯಿತು,
ಹಗ್ಗಜಗ್ಗಾಟದ ನಡುವೆ ಹಗ್ಗ ಕಡಿದ ಹಾಗೆ.
ಉಕ್ಕಿನ ಡಬ್ಬಿಯೊಳಗೆ ಎಲೆಯನ್ನು ತಲೆಕೆಳಗು ಮಾಡಿ
ರಬ್ಬರಿನ ತೂತಿನಿಂದ ತೊಟ್ಟಿನ ತುದಿಯಷ್ಟೇ ಹೊರಗಿಟ್ಟು
ಮೆಲ್ಲಗೆ, ಬಹಳ ಮೆಲ್ಲಗೆ, ಗಾಳಿ ತುಂಬುತ್ತೇನೆ.
ಒಂದು ಕಣ್ಣು ಮಸೂರಕ್ಕೆ. ಮುಳ್ಳು ನೋಡುವುದು ದೂಮಪ್ಪನ ಕೆಲಸ.

ರಿಕ್ಷಾದ ಟಯರಿಗೆ ಎರಡು ಸಾಕು ಮಾರಾಯ್ರೆ,
ಬಸ್ಸಿಗೆ ಎಂಟು.
ಹತ್ತು. ಹದಿನೆಂಟು.
ಇಪ್ಪತ್ತನಾಲ್ಕಕ್ಕೆ ಅವರು ಎರಡು ಹೆಜ್ಜೆ ಹಿಂದೆ.
ಇಪ್ಪತ್ತೆಂಟಕ್ಕೆ ಗಾಯ ಒದ್ದೆಯಾಗಿ ಮಿಂಚಿತು:
ಅಷ್ಟು ನೂಕಿದ ಮೇಲೆ
ಸಾಸಿವೆಯ ಗಾತ್ರದ ನೀರು.

ಮೈನಸ್ ಇಪ್ಪತ್ತೆಂಟು ಎಂದು ಬರೆದೆ.
ಎಂತಕ್ಕೆ ಮೈನಸ್ಸು?
ಬರೀ ನೀರಿಗೆ ನಾವು ಸೊನ್ನೆ ಕೊಟ್ಟಿದ್ದೇವೆ, ಅಂದೆ.
ಏನೂ ಬೆರೆಯದ, ಯಾರೂ ಎಳೆಯದ ನೀರು.
ಬದುಕಿದ್ದೆಲ್ಲ ಅದರ ಕೆಳಗೆ.
ಕಡಲಿಗೂ ಒಂದು ಕೊರತೆ ಉಂಟು, ಇಪ್ಪತ್ತೈದರ ಹತ್ತಿರ.
ಕಡಲನ್ನೇ ಕುಡಿಯಬೇಕಾದ ಮರ
ಕಡಲಿಗಿಂತ ಹೆಚ್ಚು ಬಾಯಾರಿರಬೇಕು.

ದೂಮಪ್ಪ ಬೀಡಿ ತೆಗೆದರು,
ಸಿಲಿಂಡರು ನೋಡಿದರು,
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು.

ಮೇಲಿನ ಮನೆಯಲ್ಲಿ ಟಾರ್ಚು ಅಲ್ಲಾಡಿತು.
ಮುತ್ತು ಪೂಜಾರ್ತಿ, ಸೊಂಟದಲ್ಲಿ ಬುಟ್ಟಿ,
ಬಾವಿಕಟ್ಟೆಯ ಮಲ್ಲಿಗೆಯಲ್ಲಿ ಮೊಗ್ಗು ಕೊಯ್ಯುವ ಹೊತ್ತು.
ಹೊಳೆಯ ಮರಕ್ಕೆ ಅಷ್ಟೆಲ್ಲ ಉಪಚಾರ,
ನನ್ನ ಗಿಡದ್ದೂ ಒಮ್ಮೆ ನೋಡಿ.

ಒಂದು ಕುಡಿ ಕೊಟ್ಟರು. ಹಸಿರೆಂದರೆ ಹಸಿರು.
ದಿನಾ ಸಂಜೆ ನಾಲ್ಕು ಕೊಡ ನೀರು ಕುಡಿಯುವ ಗಿಡ,
ಎರಡಕ್ಕೇ ಹನಿ ಕಾಣಬೇಕು, ನನಗೆ ಗೊತ್ತು.
ಎರಡು ದಾಟಿತು. ಮೂರು.
ರಬ್ಬರು ಸಡಿಲವೋ ಎಂದು ತಿರುಪು ಬಿಗಿ ಮಾಡಿದೆ.
ಆರಕ್ಕೆ ಹನಿ.
ಇನ್ನೊಂದು ಕುಡಿ ಕೇಳಿದೆ: ಆರೂವರೆ.

ಹೇಗೆ ಹೇಳುವುದು.
ಕಿಂಡಿ ಅಣೆಕಟ್ಟಿನ ಹಲಗೆ ಈ ವರ್ಷ ಸರಿ ಕೂತಿಲ್ಲ,
ಭರತದ ನೀರು ಅಡಿಯಿಂದ ಬಂದಿರಬೇಕು,
ಗಿಡ ಒದ್ದೆ ಮಣ್ಣಿನಲ್ಲಿ ನಿಂತೇ ನೀರಿಗೆ ಜಗ್ಗುತ್ತಿದೆ, ಎಲೆಯಲ್ಲಿ
ಇನ್ನೂ ಕಾಣುವುದಿಲ್ಲ, ಆದರೆ ನಿಮ್ಮ ಬಾವಿ,
ಅಂದರೆ ಬಾವಿಯಲ್ಲಿ

ಗೊತ್ತುಂಟು, ಅಂದರು.
ಮೊನ್ನೆಯಿಂದ ಗಂಜಿಗೆ ನಾನು ಉಪ್ಪು ಹಾಕ್ಲಿಲ್ಲ.

ತಿರುಪು ಬಿಚ್ಚಿದೆ. ಗಾಳಿ ಬುಸ್ಸೆಂದು ಹೋಯಿತು,
ದಡದ ಕೊಕ್ಕರೆ ಎದ್ದು ಸ್ವಲ್ಪ ಆಚೆ ಕೂತಿತು.
ಆರು, ಆರೂವರೆ. ಷರಾ ಎಂಬ ಕಾಲಮ್ಮಿನಲ್ಲಿ
ಗಂಜಿ ಎಂದು ಬರೆದೆ,
ಮತ್ತೆ ಅದನ್ನು ಹೊಡೆದುಹಾಕಲಿಲ್ಲ.

ಡಬ್ಬಿಯಿಂದ ತೆಗೆದ ಕುಡಿಯನ್ನು ಮುತ್ತಕ್ಕ ಕೈನೀಡಿ ಪಡೆದರು.
ಅದರಲ್ಲಿ ಎರಡು ಮೊಗ್ಗಿತ್ತು, ನಾನು ಗಮನಿಸಿರಲಿಲ್ಲ.
ಚಿವುಟಿ ಬುಟ್ಟಿಗೆ ಹಾಕಿಕೊಂಡರು.
ಆರು ಗಂಟೆಗೆ ಹೂವಿನವನ ದೋಣಿ,
ಚೆಂಡಿಗೆ ಎಂಟುನೂರು ಆಗಬೇಕು.