ಎರಡು ಸಾವಿರದ ಕಾಗದ

ಶಿರವಾಡ ಸ್ಟೇಷನ್ನಿನ ಹಿಂದೆ ನನ್ನ ಶೆಡ್ಡು.
ಸ್ಕೂಟರಿನ ಮಡ್ಗಾರ್ಡು, ಟೆಂಪೋದ ಬಾಗಿಲು,
ಒಮ್ಮೆ ಪೇದ್ರುವಿನ ಅಂಗಡಿಯ ಫ್ರಿಜ್ಜು.
ಇನಾಸ ರೆಬೆಲ್ಲೊ ಅವತ್ತು ತಂದದ್ದು
ಮೊಳದುದ್ದದ ಇಂಜಿನ್ನು, ಲುಂಗಿಯಲ್ಲಿ ಸುತ್ತಿ,
ಕೂಸನ್ನು ಆಸ್ಪತ್ರೆಗೆ ಎತ್ತಿ ತಂದವನ ಹಾಗೆ.

"ಇಪ್ಪತ್ತಾರು ವರ್ಷ ಓಡಿಸಿದ್ದೇನೆ.
ಬಣ್ಣ ಬಳಿಯಲು ಮಾತ್ರ ಬರಲಿಲ್ಲ," ಅಂದ.

ಹೌದು, ಬಂದಿರಲಿಲ್ಲ.
ಟ್ಯೂಬ್‌ಲೈಟಿನಡಿ ಓರೆ ಹಿಡಿದೆ:
ನೀಲಿ ಮೈ ತುಂಬ ಮೋಸಂಬಿ ಸಿಪ್ಪೆಯ ತರಿ.
ಏಣಿಯ ಹತ್ತಿರ ಇಳಿದು ನಿಂತ ಹನಿ,
ಬೀಳಲೂ ಒಲ್ಲದ, ಒರೆಸಲೂ ಬಾರದ ಮೊಂಡು ಹನಿ.
ಮೂತಿಯ ಮೇಲೆ ಗುಂಡು ಗುಂಡು ಕುಳಿ,
ನಮ್ಮ ಕಸುಬಿನಲ್ಲಿ ಅದಕ್ಕೆ ಮೀನುಗಣ್ಣು.
"ಬಳಿಯುವ ಮೊದಲು ಏನು ತಿಂದಿದ್ದೆ?"
"ಬಂಗಡೆ."
"ಕೈ?"
"ತೊಳೆದಿದ್ದೆ."
"ಸೋಪು ಹಾಕಿ?"
ಅವ ಹಳಿಯ ಕಡೆ ನೋಡಿದ.

ಎಣ್ಣೆ ಇದ್ದಲ್ಲಿ ಬಣ್ಣ ಕೂರುವುದಿಲ್ಲ,
ಸರಿದು, ಸುತ್ತ ಉಂಗುರ ಕಟ್ಟಿ ನಿಲ್ಲುತ್ತದೆ,
ಮುನಿಸಿಕೊಂಡ ಬೀಗರು ಪಂಕ್ತಿಯಿಂದ ಎದ್ದ ಹಾಗೆ.

ಎರಡು ಸಾವಿರದ ಕಾಗದ ತೆಗೆದೆ.
ನೋಟಲ್ಲ; ಆ ನೋಟು ಹೋಯಿತು, ಈ ಕಾಗದ ಇನ್ನೂ ನಡೆಯುತ್ತದೆ.
ಸೋಪುನೀರಲ್ಲಿ ನೆನೆಸಿ, ಬೆರಳ ತುದಿಗೆ ಸುತ್ತಿ,
ಒಂದೇ ದಿಕ್ಕಿಗೆ. ಒತ್ತಬಾರದು.
ಒತ್ತಿದರೆ ಅಂಚಿನಲ್ಲಿ ಪ್ರೈಮರು ಇಣುಕುತ್ತದೆ,
ಹರಿದ ತೋಳಿನಿಂದ ಮೊಣಕೈ ಇಣುಕಿದ ಹಾಗೆ.
ನೀಲಿ ನೀರು ಮುಂಗೈಯಿಂದ ಜಾರಿ ಚಪ್ಪಲಿ ಸೇರಿತು.
ನಂಬರಿನ ಅಡಿ ಗಾಳಿ ಸಿಕ್ಕು ಬೆಳ್ಳಗಾಗಿತ್ತು;
ಸೂಜಿ ಚುಚ್ಚಿ, ವಿನೆಗರಿನ ಒಂದು ಹನಿ ಬಿಟ್ಟು
ಹತ್ತಿಯಿಂದ ಅಮುಕಿದೆ.
ಎಂಟು ಕೂತಿತು. ಆರು ಹಠ ಮಾಡಿತು.

ಆಷಾಢದಲ್ಲಿ ವಾರ್ನಿಶ್ ಹೊಡೆಯಬಾರದು.
ಎರಡು ದಿನ ಬಿಸಿಲು ಕಂಡಿತ್ತು, ನಂಬಿ ಹೊಡೆದೆ.
ಕಣ್ಣೆದುರೇ ಹಾಲುಗಟ್ಟಿತು,
ಇಂಜಿನ್ನಿಗೆ ಪೊರೆ ಬಂದ ಹಾಗೆ.
ನಿಧಾನ ಒಣಗುವ ತಿನ್ನರನ್ನು ತೆಳ್ಳಗೆ ಮತ್ತೊಮ್ಮೆ ಊದಿ,
ಅಕ್ಕಿ ಡ್ರಮ್ಮು ಖಾಲಿ ಮಾಡಿ, ನಲವತ್ತರ ಬಲ್ಬು ಇಳಿಬಿಟ್ಟು
ರಾತ್ರಿಯಿಡೀ ಅದರೊಳಗಿಟ್ಟೆ. ಬೆಳಿಗ್ಗೆ ಪೊರೆ ಕರಗಿತ್ತು.
ಗಂಜಿಗೆ ತಿನ್ನರಿನ ವಾಸನೆ ಅಂತ ಪ್ರಮೀಳಾ
ಮೂರು ದಿನ ಮಾತು ಬಿಟ್ಟಳು.

ಇನ್ನೊಂದಿತ್ತು. ಹೇಳಲಿಲ್ಲ.
ಚಾಲಕನ ಕಿಟಕಿಯ ಕೆಳಗೆ, ಅವನೇ ಬಳಿದ ನೀಲಿಯೊಳಗೆ
ಒಂದು ಕೂದಲು. ಬಿಳಿ. ಉಗುರಿನಷ್ಟು ಉದ್ದ, ತುದಿ ಬಾಗಿತ್ತು.
ಇನಾಸನ ತಲೆ ಬೋಳು. ಮೀಸೆಯೂ ಇಲ್ಲ.
ರೆಮೇದಿ ತೀರಿಕೊಂಡದ್ದು ಹೋದ ಕ್ರಿಸ್‌ಮಸ್ಸಿಗೆ ಮುಂಚೆ.
ಅವಳೇ ಟಾರ್ಚ್ ಹಿಡಿದು ಪಕ್ಕದಲ್ಲಿ ಬಾಗಿರಬೇಕು,
ಪಟ್ಟಿ ನೇರ ಬರಲಿಲ್ಲವೆಂದು ಬೈದಿರಬೇಕು
ಅಂತೆಲ್ಲ ನಾನೇ ಕೂತು ಹೆಣೆದೆ.
ಕಾಗದ ಎತ್ತಿದ ಕೈ ಇಳಿಯಿತು.
ಅದರ ಮೇಲೇ ವಾರ್ನಿಶ್ ಹೋಗಿತ್ತು.
ಬಿಲ್ಲಿನಲ್ಲಿ ನೂರು ಕಡಿಮೆ ಬರೆದೆ.

ಅವ ಬಂದ. ಕಿಸೆಯಿಂದ ಭೂತಗನ್ನಡಿ ತೆಗೆದ.
ಮೂತಿ ನೋಡಿದ, ಏಣಿ ನೋಡಿದ,
ಆರು ನೋಡಿ ತಲೆದೂಗಿದ.
ಕಿಟಕಿಯ ಕೆಳಗೆ ಕನ್ನಡಿ ನಿಂತಿತು.
ನಾನು ಉಸಿರು ಹಿಡಿದೆ.
"ಇದೇನು, ಬೆಕ್ಕಿನ ಕೂದಲು ಹಾಗೇ ಬಿಟ್ಟಿದ್ದೀಯಲ್ಲ?
ಕಣ್ಣು ಹೋಗಿದೆಯಾ ನಿನ್ನದು?"

ಸ್ಟೂಲು ಎಳೆದು ಕೂತ. ಕಾಗದ ಕೇಳಿದ.
ಚಹಾ ಲೋಟದ ನೀರಲ್ಲಿ ಅದ್ದಿ,
ಒಂದೇ ದಿಕ್ಕಿಗೆ, ಒತ್ತದೆ,
ಸಿಗ್ನಲ್ ಕಂಡು ವೇಗ ಇಳಿಸುವವನ ಕೈಯಿಂದ ತಿಕ್ಕಿದ.
ಕೂದಲು ಎದ್ದು ಬಂತು. ಬೆರಳಿಗಂಟಿದ್ದನ್ನು
ಬೆಳಕಿಗೆ ಹಿಡಿದ. ಊದಿದ.
ಅವನ ಮನೆಯಲ್ಲಿ ಬೆಕ್ಕಿದೆಯೋ ಇಲ್ಲವೋ
ನಾನು ಕೇಳಲಿಲ್ಲ.

ಅಷ್ಟರಲ್ಲಿ ಲಾರಿಗಳನ್ನು ಹೊತ್ತ ಗೂಡ್ಸು ಬಂತು.
ಇಂಜಿನ್ನಿನ ಮೈಯೆಲ್ಲ ಮಸಿ, ಕೆಸರು,
ಬಾಗಿಲ ಬಳಿ ಬಣ್ಣ ಸುಲಿದು ತುಕ್ಕು.
ಶೆಡ್ಡಿನ ತಗಡು ನಡುಗಿತು, ತಿನ್ನರಿನ ಡಬ್ಬ ನಡುಗಿತು.
ಇನಾಸ ಭೂತಗನ್ನಡಿ ಇಳಿಸಲೇ ಇಲ್ಲ.
ಅದರೊಳಗಿಂದಲೇ ಕೊನೆಯ ಲಾರಿಯವರೆಗೆ ನೋಡಿ ಅಂದ:
"ಅದನ್ನು ಬಳಿದವ ಕೈ ತೊಳೆದಿದ್ದ."