ನಾಲ್ಕನೇ ಜ್ವರ

ದಿಬ್ಬೂರಹಳ್ಳಿ ರಸ್ತೆ ಬಿಟ್ಟು ಒಳಕ್ಕೆ ಬಂದರೆ
ನೀಲಗಿರಿ ತೋಪಿನ ಪಕ್ಕ ಶೀಟಿನ ಮನೆ, ನಮ್ಮದು.
ಅದಕ್ಕಂಟಿದ ಹೆಂಚಿನದು ಹುಳುಮನೆ.
ಹುಳಕ್ಕೆ ಹೆಂಚು, ನಮಗೆ ಶೀಟು.
ಕಟ್ಟುವಾಗಲೇ ಮಾವ ಅಂದಿದ್ದರು: ದುಡಿಯೋದು ಅವು.

ತರಬೇತಿಗೆ ಹೋದವರು ಇವರು.
ಒಂದು ಟೋಪಿ, ಒಂದು ಥರ್ಮಾಮೀಟರು ತಂದರು.
ಮೊಳೆ ಹೊಡೆದು ನೇತುಹಾಕಿ
ಇಪ್ಪತ್ತೈದು ದಾಟಬಾರದಂತೆ, ಅಂದರು.
ಯಾರಿಗೆ ಅಂದರು, ಬಿಸಿಲಿಗೋ ನನಗೋ?
ಆಮೇಲೆ ಗೂಡಿನ ದರ ಕೇಳಲು ಶಿಡ್ಲಘಟ್ಟಕ್ಕೆ ಹೊರಟರು.

ಮಾರ್ಚಿಗೇ ಮೂವತ್ತೆರಡು.
ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿದೆ.
ತಾಸಿಗೆಲ್ಲ ಅದು ಹಪ್ಪಳ.
ಮತ್ತೆ ಬಿಂದಿಗೆ, ಮತ್ತೆ ತಾಟು.
ಸಾವಿರದಿನ್ನೂರು ಅಡಿ ಕೆಳಗಿನ ನೀರು
ನನ್ನ ಸೊಂಟ ಹತ್ತಿ ಕಿಟಕಿಗೆ ಹೋಯಿತು.
ಹಗಲು ಕೊಯ್ದ ಸೊಪ್ಪು ಬಾಡುತ್ತದೆಂದು
ನಸುಕಿನ ಮೂರಕ್ಕೇ ಹೊರಟೆ, ಹಣೆಗೆ ಟಾರ್ಚು ಕಟ್ಟಿ.
ಹಾವಿಗೂ ನನಗೂ ಅದೇ ಹೊತ್ತು ತಂಪು;
ಹಿಪ್ಪುನೇರಳೆ ಸಾಲಿನಲ್ಲಿ
ಒಬ್ಬರಿಗೊಬ್ಬರು ದಾರಿ ಬಿಟ್ಟೆವು.

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ
ನಾನು ಹೊರಗಾದೆ.
ತಲೆಯೆತ್ತಿ, ತಿನ್ನದೆ, ಅಲುಗದೆ
ತಟ್ಟೆ ತುಂಬ ಮಲಗಿರುತ್ತವೆ ಆಗ. ಮುಟ್ಟಬಾರದು.
ಮುಟ್ಟಾದವಳು ಹೊಸ್ತಿಲು ದಾಟಿದರೆ
ಹಾಲುತೊಂಡೆ ಬರುತ್ತದೆ:
ಅತ್ತೆ ಪಿಳ್ಳಮ್ಮನ ಮಾತು, ಅವರತ್ತೆಯದೂ.
ಕಿಟಕಿ ಸಂದಿಯಿಂದ ಕಾಣುತ್ತಿತ್ತು ಕೆಂಪು ಗೀಟು.
ಮೂವತ್ತನಾಲ್ಕು.
ಮೂವತ್ತೈದು.
ಇವರ ಫೋನು ವ್ಯಾಪ್ತಿ ಪ್ರದೇಶದ ಹೊರಗೆ.
ನಾನು ಹೊರಗೆ.

ಇನ್ನೂರು ಮೊಟ್ಟೆಯ ಹುಳ.
ಬಿಂದಿಗೆ ಎತ್ತಿದೆ, ದಾಟಿದೆ.
ಒಳಗೆ ಅರೆಗತ್ತಲು, ಸುಣ್ಣದ ಘಾಟು.
ಹುಳ ನನ್ನನ್ನು ಏನೂ ಕೇಳಲಿಲ್ಲ.
ತಿರುಗಿದರೆ ಬಾಗಿಲಲ್ಲಿ ಅತ್ತೆ.
ಬೈಯಲೆಂದು ಕಾದು ನಿಂತೆ.
ಎರಡನೇ ಬಿಂದಿಗೆಯನ್ನು, ನನ್ನ ಕೈ ತಾಕದಂತೆ,
ಕಾಲಿನಿಂದ ಹೊಸ್ತಿಲವರೆಗೆ ತಳ್ಳಿ
"ಆ ಮೂಲೇದು ಒಣಗೈತೆ ನೋಡು" ಅಂದರು.

ಹಣ್ಣಾದವು, ಚಂದ್ರಿಕೆ ಏರಿದವು.
ಗೂಡು ಹರಾಜಾಯಿತು, ಇವರ ಹೆಸರಲ್ಲಿ.
ಇಲಾಖೆಯ ಮೇಡಂ ಬಂದು ಕೇಳಿದರು,
ಅಕ್ಕಪಕ್ಕದವರದೆಲ್ಲ ಹೋಯಿತಲ್ಲ, ನೀವು ಹೇಗೆ ಉಳಿಸಿದಿರಿ?
ಇವರು ಥರ್ಮಾಮೀಟರು ತೋರಿಸಿದರು.

ಆ ರಾತ್ರಿ ಕರೆಂಟು ಹೋಗಿತ್ತು.
ಗಂಡಸರ ಮಂಚ ಅಂಗಳದಲ್ಲಿ, ಗಾಳಿಗೆ.
ಥರ್ಮಾಮೀಟರು ಬಿಚ್ಚಿ ತಂದು
ಶೀಟಿನ ಕೆಳಗೆ, ಅತ್ತೆಗೂ ನನಗೂ ನಡುವೆ ಇಟ್ಟು
ಟಾರ್ಚು ಬಿಟ್ಟೆ. ಮೂವತ್ತೆಂಟು.
"ಏನಂತೆ?" ಕತ್ತಲಲ್ಲಿ ಕೇಳಿದರು.
"ಜ್ವರ," ಅಂದೆ.
ಸ್ವಲ್ಪ ಹೊತ್ತು ಅವರೂ ಅಲುಗಲಿಲ್ಲ.
ಆಮೇಲೆ ಎದ್ದು, ಸೆರಗು ಸಿಕ್ಕಿಸಿ,
ಗೋಣಿತಾಟು ಎಲ್ಲಿಟ್ಟೆ, ಅಂದರು.