ಮನೆಅಳಿಯ

ಮೇ ತಿಂಗಳು ಅರ್ಧ ದಾಟಿದರ
ಹಿನ್ನೀರು ನೀರಿಗಿ ಎತ್ತಿ ಕಟ್ಟಿಕೊಂಡು
ಅನಗವಾಡಿ ಸೇತುವಿ ಕೆಳಗ ಹಿಂದ ಸರೀತೈತಿ.
ಆಗ ಒಂದೊಂದಾಗಿ ತಲಿ ಎತ್ತತಾವ
ನಮ್ಮ ಬಂಡೆಗಲ್ಲು:
ಮೊದಲ ಕೋಣಗಲ್ಲು, ಆಮ್ಯಾಲ ಒಳ್ಳಗಲ್ಲು,
ಕಡೀಕ, ಸರ್ವೇದವರ ಕೆಂಪು ಗೆರಿ ಬೆನ್ನಿಗೆ ಹೊತ್ತ
ಹೆಸರಿಲ್ಲದ ಆ ದೊಡ್ಡದು.
ಹತ್ತು ತಿಂಗಳು ತಳ ಆಗಿದ್ದದ್ದು
ಎರಡು ತಿಂಗಳ ಮಟ್ಟಿಗೆ ದಂಡಿ.

ಸಂಕವ್ವ ಚಿಗವ್ವ ಚಪ್ಪಲಿ ಬಿಡತಾಳ.
"ಕಣ್ಣು ಸುಳ್ಳ ಹೇಳ್ತಾವ, ಹಿಮ್ಮಡ ಹೇಳೂದಿಲ್ಲ."
ಬಲಿ ಒಗದು ಒಣಗಿಸಿದ ಮನಿತನದಾಕಿ,
ಐವತ್ತು ಬ್ಯಾಸಗಿ ಇದ ಕಲ್ಲು ತುಳದಾಕಿ;
ಎಲ್ಲಿ ಬಸವನಹುಳ ಚುಚ್ಚತೈತಿ,
ಎಲ್ಲಿ ಪಾಚಿ ಮೋಸ ಮಾಡತೈತಿ,
ಯಾವ ಸಂದಿಯೊಳಗ ಏಡಿ
ಬೆರಳಿಗಾಗಿ ಕಾದು ಕುಂತಿರತೈತಿ,
ಎಲ್ಲಾ ಅಂಗಾಲಿನ ಚರ್ಮದಾಗ ಬರಕೊಂಡಾಕಿ.

ನಾನು, ಕಾಲೇಜಿನ ಪ್ರಯೋಗಶಾಲೆಯೊಳಗ
ಸತ್ತ ಜೀವಗಳ ಬಾಟಲಿ ಒರಸಾಂವ.
ಹೋದ ವರ್ಷದ ಕ್ಯಾಲೆಂಡರಿನ ಬೆನ್ನು ನನ್ನ ವಹಿ.
ಆಕಿ ತುಳೀತಾಳ, ನಾ ಬರೀತೀನಿ.

ಬಸವನಹುಳ?
"ಒಳ್ಳಗಲ್ಲಿಗೆ ಏಳು.
ಮೊದಲ ಎಣಸಾಕ ಬ್ಯಾಸರಾಗ್ತಿತ್ತು."
ಏಡಿ?
"ಒಂದು. ಅದೂ ಹಳೇ ಗುರ್ತಿಂದಲ್ಲ."
ಏಡಿಯೊಳಗ ಗುರ್ತು ಹ್ಯಾಂಗ ಅಂತ ನಾ ಕೇಳಲಿಲ್ಲ.
ಕಪ್ಪೆಚಿಪ್ಪು?

ಇಲ್ಲಿ ಆಕಿ ತಡೀತಾಳ.
ಚಿಪ್ಪಿನ ಬೆನ್ನು ಕಲ್ಲಿಗೆ ತಿಕ್ಕಿ ತಿಕ್ಕಿ
ನಡುವ ತೂತು ಬೀಳಿಸಿ
ಮಾವಿನಕಾಯಿ ಹೆರೀತಿದ್ಲಂತ ಅವರವ್ವ;
ಸಿಪ್ಪಿ ಉದ್ದಕ ಬರತಿತ್ತಂತ, ಹರೀದೆ, ರಿಬ್ಬನ್ನಿನಂಗ.
ಈಗ ಸಿಗೂವು ಬರೇ ಪಡಕುಗಳು,
ಎರಡೂ ಬಾಗಿಲ ತೆಗದಿಟ್ಟು
ಪರಿಹಾರದ ಚೆಕ್ಕು ಹಿಡಕೊಂಡು ಎದ್ದು ಹೋದವರ
ಮನಿಯಂಗ.

ಆದರ ಖಾಲಿ ಅಂತ ಬರಿಯೂದಕ್ಕೂ ಬರೂದಿಲ್ಲ.
ದೊಡ್ಡ ಕಲ್ಲಿನ ಹೊಟ್ಟಿ ಕೆಳಗ
ಹಸರ ಹೊಪ್ಪಳಿಕಿ ಎದ್ದೈತಿ, ಕಜ್ಜಿ ಆದಂಗ.
ಕೆರದರ ಕಟಕ ರೊಟ್ಟಿಯಂಗ ಪುಡಿಪುಡಿ.
"ಇದೂ ಜೀವನ, ಚಿಗವ್ವಾ. ಸ್ಪಂಜು ಅಂತಾರ.
ನಮ್ಮ ಮೂರನೇ ಕಪಾಟಿನ್ಯಾಗ ಐತಿ.
ಮೊದಲಿಂದ ಇಲ್ಲೇ ಇತ್ತೇನು?"
ಆಕಿ ಅಂಗೈ ಸೀರಿಗೆ ಒರಸಿದ್ಲು.
"ಇದ್ದಿದ್ದರ ಕೈ ತುರಸತಿತ್ತು.
ತುರಿಕಿ ಮರಿಯಾಕಿ ಅಲ್ಲ ನಾ."

ಅಷ್ಟರಾಗ ಯಮನೂರಪ್ಪನ ತೆಪ್ಪ ಬಂತು,
ಬಲಿಯೊಳಗ ಜಿಲೇಬಿ ಮೀನು, ಮತ್ತ ಜಿಲೇಬಿ ಮೀನು.
ಚೇಳುಮೀನು ಕೇಳಬ್ಯಾಡ್ರಿ ಅಂದ, ಕೇಳೂಕಿಂತ ಮುಂಚೆ.
ಆಮ್ಯಾಲ ಬೈಕೋತ ಬಿಡಿಸಿ ಒಗದ
ಒಂದು ಕರೀ ಮೀನು, ಮೈತುಂಬ ಚಕ್ಕಡಿ ಚರ್ಮ,
ಬೆನ್ನ ಮ್ಯಾಲ ಮುಳ್ಳು, ಬಾಯಿ ಹೊಟ್ಟಿ ಕಡೆ.
"ನೋಡ್ರಿ, ಮೂರು ಕಡೆ ಬಲಿ ಹರದೈತಿ ಮಗಂದು.
ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ."

ನವನಗರದಾಗ ಯಾರದೋ ಗಾಜಿನ ಪೆಟ್ಟಿಗಿ
ಇದಕ್ಕ ಸಣ್ಣದಾಗಿರಬೇಕು.

ಬಿಸಿಲಿಗೆ ಕಲ್ಲು ಹಂಚಾಗಿತ್ತು. ಅದು ಸಾಯಲಿಲ್ಲ.
ಯಮನೂರಪ್ಪ ಚಾ ಕುಡದ, ಬೀಡಿ ಸೇದಿದ,
ಮೂರು ತೂತಿನ್ಯಾಗ ಎರಡು ಹೊಲದ.
ಅದು ಇನ್ನೂ ಕಿವಿರು ಆಡಿಸ್ತಿತ್ತು.
ಹೆಸರೇನಂತ ಕೇಳಿದೆ. ಅಂವಗ ಗೊತ್ತಿಲ್ಲ,
ನಮ್ಮ ಕಪಾಟಿನ್ಯಾಗೂ ಇದರ ಬಾಟಲಿ ಇಲ್ಲ.
ಚಿಗವ್ವ ಕುಕ್ಕರಗಾಲಿಲೆ ಕುಂತು
ಅದರ ಮುಖ ನೋಡಿ ನೋಡಿ ಅಂದ್ಲು:
"ಬರಕೋ, ಮನೆಅಳಿಯ.
ಕರದಿಲ್ಲ, ಬಂದಾನ.
ಇದ್ದದ್ದೆಲ್ಲ ನೆಕ್ಕಿ ತಿಂದಾನ.
ಹೋಗಂದರ ಹೋಗೂದಿಲ್ಲ."
ಮೂವರೂ ನಕ್ಕಿವಿ.
ಆಕಿ ಮೊದಲ ನಿಲ್ಲಿಸಿದ್ಲು.

ಜೂನ್ ಮುಗಿಯೂಕ ಬಂತು.
ನಮಗ ಒಂದು ಹನಿ ಬೀಳಲಿಲ್ಲ,
ಮ್ಯಾಲ ಘಟ್ಟದಾಗ ಬಿದ್ದದ್ದು
ರಾಡಿ ಆಗಿ, ಮೆಲ್ಲಕ, ಬಂದು ಮುಟ್ಟಿತು.
ಕೋಣಗಲ್ಲು ಮೂಗಿನ ತನಕ ಮುಳುಗಿದಾಗ
ಚಿಗವ್ವ ಒಳ್ಳಗಲ್ಲಿನ ಮ್ಯಾಲ ನಿಂತಿದ್ಲು,
ನೀರು ಕಾಲ್ಗಡಗಕ್ಕ.
ತಟಕ್ಕನ ಎಡಗಾಲು ಎತ್ತಿದ್ಲು.
ಮತ್ತ ಅಲ್ಲೇ, ಸಾವಕಾಶ, ಇಟ್ಟಳು.

"ಏನದು?" ಅಂದೆ, ಪೆನ್ನು ತೆಗದು.

ಸೆರಗು ಬಾಯಿಗೆ ಅಡ್ಡ ಹಿಡಕೊಂಡಿದ್ಲು,
ನಗತಿದ್ಲೋ ಏನೋ.
ಬರಕೋ ಅನ್ನಲಿಲ್ಲ.